ಬಳ್ಳಾರಿಯ ಅಳತೆ

ತೂಕ ಇಳಿಸಿಕೊಂಡವರು ಬಳ್ಳಾರಿಗೆ ಹೋಗಬಾರದು. ಹೋಗಲೇಬೇಕಾಗಿ ಬಂದರೆ ಪರಿಚಯದವರ ಕಣ್ಣಿಗೆ ಬೀಳಬಾರದು. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ನಡೆಯುವ ನಮ್ಮ ಗುಂಪಿನಲ್ಲಿ ಯಾರಾದರೂ ಒಂದೆರಡು ಕಿಲೋ ಕಳೆದುಕೊಂಡರೆ ಮಗಳಿಗೆ ಒಳ್ಳೆಯ ಸಂಬಂಧ ಕುದುರಿದಷ್ಟು ಸಂಭ್ರಮ. ರಾತ್ರಿ ಎಷ್ಟು ಗಂಟೆಗೆ ಊಟ, ಕಾಫಿಗೆ ಸಕ್ಕರೆ ಬಿಟ್ಟಿರಾ, ಅನ್ನ ಎಷ್ಟು ಎಂದು ಸಾಲಾಗಿ ವಿಚಾರಣೆ ನಡೆಯುತ್ತದೆ. ಬಳ್ಳಾರಿಯಲ್ಲಿಯೂ ವಿಚಾರಿಸುತ್ತಾರೆ. ಆದರೆ ಅಲ್ಲಿನ ಪ್ರಶ್ನೆ ಒಂದೇ: "ಯಾವ ಡಾಕ್ಟರಿಗೆ ತೋರಿಸಿದ್ದೀರಿ?"

ಆ ಊರಿನ ಬ್ಯಾಂಕೊಂದರ ಕೌಂಟರಿನ ಹಿಂದೆ ನಾನು ಬಹುಕಾಲ ಕುಳಿತಿದ್ದೆ. ಬಳ್ಳಾರಿಗೆ ವರ್ಗವಾದವರು ಅಳುತ್ತ ಬಂದು ಅಳುತ್ತ ಹೋಗುತ್ತಾರೆ ಎಂಬ ಮಾತು ನೌಕರರಲ್ಲಿ ಹಿಂದಿನಿಂದಲೂ ಇದೆ. ನಾನು ಹೋಗುವಾಗ ಮಾತ್ರ ಅತ್ತದ್ದು. ಬಂದದ್ದು ಮೇ ತಿಂಗಳು. ಬೆವರು ಒರೆಸಿಕೊಳ್ಳುವುದರಲ್ಲಿ ಅಳಲು ಪುರುಸೊತ್ತೇ ಆಗಲಿಲ್ಲ. ಬೇಸಿಗೆ ಮತ್ತು ಕಡು ಬೇಸಿಗೆ, ಹೀಗೆ ಎರಡೇ ಕಾಲ ಎಂದು ಊರಿನವರೇ ತಮಾಷೆ ಮಾಡಿಕೊಳ್ಳುವ ಜಾಗ ಅದು. ಮುಂದೆ ಮೈಸೂರಿಗೆ ಬಂದು, ನಿವೃತ್ತಿಯಾಗಿ, ಸೋಫಾದ ಒಂದು ಮೂಲೆ ನನ್ನ ಆಕಾರಕ್ಕೆ ತಗ್ಗಾದ ಮೇಲೆ, ವೈದ್ಯರೊಬ್ಬರು ನನ್ನ ರಕ್ತದ ವರದಿ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಒಂದು ಹಾಳೆ ಬರೆದುಕೊಟ್ಟರು. ಎಣ್ಣೆ ಅಳೆದು, ಉಪ್ಪು ಅರ್ಧ, ಅನ್ನದ ಜಾಗದಲ್ಲಿ ಜೋಳ ಅಥವಾ ನವಣೆ, ಸೊಪ್ಪು, ಮಜ್ಜಿಗೆ, ದಿನಾ ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ. ಆ ಹಾಳೆಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡೇ ಈ ಸಂಕ್ರಾಂತಿ ಕಳೆದ ವಾರ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೂ ಇತ್ತು. ರವಿಕೆಗಳೆಲ್ಲ ಸಡಿಲವಾಗಿದ್ದವು. ನೋಡುವವರು ನೋಡಲಿ ಎಂಬ ಆಸೆ.

ನೋಡಿದರು. ಸತ್ಯನಾರಾಯಣಪೇಟೆಯಲ್ಲಿ ನಾನು ಬಾಡಿಗೆಗೆ ಇದ್ದ ಮನೆಯ ಒಡತಿಗೆ ಈಗ ಎಂಬತ್ತು ದಾಟಿದೆ. ಬಾಗಿಲಲ್ಲಿ ನಿಂತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನಮ್ಮಾ, ಹೀಗಾಗಿಬಿಟ್ಟಿದ್ದೀಯ! ಸೊಸೆ ಹೊಟ್ಟೆಗೆ ಹಾಕುವುದಿಲ್ಲವೇ?" ಎಂದರು. ಸೊಸೆ ಇನ್ನೂ ಬಂದಿಲ್ಲ ಅಮ್ಮ ಎಂದೆ. "ಬರುವ ಮೊದಲೇ ಹೀಗಾದರೆ ಬಂದ ಮೇಲೆ ಏನು ಗತಿ" ಎಂದು ಇನ್ನಷ್ಟು ಮರುಗಿದರು. ಬೇಕೆಂದೇ ಇಳಿಸಿಕೊಂಡದ್ದು ಎಂದು ವಿವರಿಸಿದೆ. ಬೇಕೆಂದು ಯಾರಾದರೂ ಸೊರಗುತ್ತಾರೆಯೇ ಎಂಬ ಭಾವನೆ ಅವರ ಮುಖದಲ್ಲಿ ಹಾಗೆಯೇ ಉಳಿಯಿತು. ತರಕಾರಿಯ ಅಕ್ಕ, ಔಷಧದಂಗಡಿಯವರು, ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿದ್ದು ಈಗ ತಾವೂ ನಿವೃತ್ತರಾದವರು, ಎಲ್ಲರದೂ ಅದೇ ತೀರ್ಪು. ಸಂಜೆಯ ಹೊತ್ತಿಗೆ ನನಗೇ ಅನುಮಾನ ಬಂದು ಕನ್ನಡಿ ನೋಡಿಕೊಂಡೆ.

ಸಾಂತ್ವನ ಹೇಳಲು ಬಳ್ಳಾರಿಗೆ ಗೊತ್ತಿರುವ ದಾರಿ ಒಂದೇ, ತಿನ್ನಿಸುವುದು. ಬೆಳಗ್ಗೆ ಏಳಕ್ಕೆಲ್ಲ ಒಗ್ಗರಣೆ ಮಿರ್ಚಿಯ ಬಂಡಿಗಳು ಹೊಗೆಯಾಡತೊಡಗುತ್ತವೆ. ಬೇರೆ ಕಡೆಯವರಿಗೆ ಒಗ್ಗರಣೆ ಎಂದರೆ ಸಾರಿನ ಕೊನೆಗೆ ಚುರ್ ಎನ್ನಿಸುವುದು. ಇಲ್ಲಿ ಅದೇ ಊಟ. ಮಂಡಕ್ಕಿಯನ್ನು ನೀರಿಗೆ ಸುರಿದು, ಪೂರ್ತಿ ಮೆತ್ತಗಾಗುವ ಮುನ್ನ ಎರಡು ಅಂಗೈಗಳ ನಡುವೆ ಹಿಂಡಿ ತೆಗೆಯಬೇಕು. ಹಿಂಡಿದ್ದು ಸಾಲದಿದ್ದರೆ ಮುದ್ದೆ, ಹೆಚ್ಚಾದರೆ ಪುಡಿ. ಬಂಡಿಯ ಹುಡುಗ ಆ ಲೆಕ್ಕವನ್ನು ನೋಡದೆಯೇ ಮಾಡುತ್ತಾನೆ. ಅವನ ಕಣ್ಣು ರಸ್ತೆಯ ಮೇಲೆ, ಕೈ ಬುಟ್ಟಿಯಲ್ಲಿ. ಎಣ್ಣೆಯಲ್ಲಿ ಸಾಸಿವೆ ಸಿಡಿದು, ಈರುಳ್ಳಿ, ಕರಿಬೇವು, ಜಜ್ಜಿದ ಹಸಿಮೆಣಸಿನಕಾಯಿ, ಅರಿಶಿನ ಬಿದ್ದು, ಹಿಂಡಿದ ಮಂಡಕ್ಕಿ ಹಳದಿಯಾಗಿ ಹೊರಳಿದ ಮೇಲೆ ಒಂದು ಹಿಡಿ ಹುರಿಗಡಲೆ ಪುಡಿ. ಆ ಪುಡಿಯಲ್ಲಿಯೇ ರುಚಿ ಇರುವುದು. ಅದು ಕಡಿಮೆಯಾದರೆ ನಾನು ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಪಕ್ಕದಲ್ಲಿ ಕಡಲೆಹಿಟ್ಟಿನ ಅಂಗಿ ತೊಟ್ಟ ಉದ್ದನೆಯ ಮಿರ್ಚಿ. ಆಂಧ್ರ ರಾಜ್ಯವಾದಾಗ, 1953ರಲ್ಲಿ, ಹಳೆಯ ಬಳ್ಳಾರಿ ಜಿಲ್ಲೆಯನ್ನು ಹಂಚಿದರು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಆಲೂರು, ಆದವಾನಿ, ರಾಯದುರ್ಗ ಆ ಕಡೆಗೆ ಹೋದವು. ಈ ತಿಂಡಿಯನ್ನು ಮಾತ್ರ ಹಂಚಲು ಆಗಲಿಲ್ಲ. ಆ ಕಡೆ ಅದು ಉಗ್ಗಾನಿ ಎಂಬ ಹೆಸರಿನಲ್ಲಿ, ಇದೇ ಮಿರ್ಚಿಯನ್ನು ಜೊತೆಗಿಟ್ಟುಕೊಂಡು ಬಾಳುತ್ತಿದೆ.

ಮಿರ್ಚಿಯನ್ನು ಕಾಗದದಲ್ಲಿ ಒತ್ತಿ ಒತ್ತಿ ಎಣ್ಣೆ ತೆಗೆಯುತ್ತಿದ್ದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. "ಮೇಡಂ, ಎಣ್ಣೆಯೇ ಬೇಡವೆಂದರೆ ನಾಳೆ ಮೊದಲೇ ಹೇಳಿ, ನೀರಿನಲ್ಲಿ ಕರಿದುಕೊಡುತ್ತೇನೆ" ಎಂದ. ಸುತ್ತ ನಿಂತವರು ನಕ್ಕರು. ನಾನೂ ನಕ್ಕು, ಒತ್ತುವುದನ್ನು ಬಿಟ್ಟು ತಿಂದೆ.

ಮನೆಗೆ ಬಂದು ಪ್ರಾಯಶ್ಚಿತ್ತಕ್ಕೆಂದು ವೈದ್ಯರ ಹಾಳೆಯನ್ನು ಮನೆಯೊಡತಿ ಅಮ್ಮನ ಮುಂದೆ ಓದಿದೆ. ಜೋಳ, ನವಣೆ, ಸೊಪ್ಪು, ಮಜ್ಜಿಗೆ ಎಂದು ಒಂದೊಂದಾಗಿ ಹೇಳುತ್ತ ಹೋದಂತೆ ಅವರ ಹುಬ್ಬು ಮೇಲೇರಿತು. "ಇದು ನಮ್ಮ ಅತ್ತೆಯ ಕಾಲದ ಅಡುಗೆಮನೆಯಲ್ಲವೇ? ಬರೆದುಕೊಟ್ಟವರಿಗೆ ಎಷ್ಟು ಕೊಟ್ಟೆ?" ಮೊತ್ತ ಹೇಳಿದೆ. ಅವರು ಮಾತನಾಡದೆ ಒಳಗೆ ಹೋಗಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಪುಡಿ, ಗಟ್ಟಿ ಮೊಸರು ತಂದಿಟ್ಟರು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ನಮ್ಮ ಮೈಸೂರಿನ ಬಡಾವಣೆಯಲ್ಲಿ ಜೋಳದ ಹಿಟ್ಟು ಗಾಜಿನ ಬೀರುವಿಗೆ ಏರಿ ಕುಳಿತಿದೆ; ಇಲ್ಲಿ ಅದು ಇನ್ನೂ ಡಬ್ಬಿಯಲ್ಲಿಯೇ ಇದೆ ಎಂದು ಸಂತೋಷಪಡುವಷ್ಟರಲ್ಲಿ ಅಮ್ಮ ತಮ್ಮ ತಟ್ಟೆಗೆ ಅನ್ನ ಬಡಿಸಿಕೊಂಡರು. ತುಂಗಭದ್ರೆಯ ಕಾಲುವೆ ಹರಿದ ಮೇಲೆ ಸಿರುಗುಪ್ಪದ ಕಡೆಯೆಲ್ಲ ಭತ್ತ. ಮನೆ ಮನೆಯಲ್ಲೂ ಸೋನಾ ಮಸೂರಿ. ರೊಟ್ಟಿ ಬಡಿಯುವ ಕೈಗಳು ಕಡಿಮೆಯಾದವು, ಸಕ್ಕರೆ ಕಾಯಿಲೆಯ ಮಾತ್ರೆ ಡಬ್ಬಿಗಳು ಹೆಚ್ಚಾದವು. ಅಮ್ಮನದೂ ಒಂದು ಡಬ್ಬಿ ದೇವರ ಗೂಡಿನ ಪಕ್ಕದಲ್ಲಿಯೇ ಇತ್ತು. "ನಿನಗೆ ಬರೆದಿದ್ದಾರೆ, ನೀನು ರೊಟ್ಟಿ ತಿನ್ನು. ನನಗೆ ಮಾತ್ರೆ ಬರೆದಿದ್ದಾರೆ, ನಾನು ಅದನ್ನು ತಿನ್ನುತ್ತೇನೆ" ಎಂದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ನಡಿಗೆಯ ಕಥೆಯೇ ಬೇರೆ. ಈ ಊರಿನಲ್ಲಿ ಇದ್ದಷ್ಟು ಕಾಲ ನಾನು ಸತ್ಯನಾರಾಯಣಪೇಟೆಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ತೇರು ಬೀದಿಗೆ, ಅಲ್ಲಿಂದ ಬ್ರೂಸ್‌ಪೇಟೆಗೆ ನಡೆದೇ ಓಡಾಡಿದೆ. ಅದನ್ನು ಯಾರೂ ವ್ಯಾಯಾಮವೆಂದು ಕರೆಯಲಿಲ್ಲ. ಆಟೋ ಕಾಸು ಉಳಿಸುವುದೆಂದು ಕರೆಯುತ್ತಿದ್ದರು. ಈಗ ಅದೇ ಬೀದಿಗಳಲ್ಲಿ ಮೊಬೈಲು ನನ್ನ ಹೆಜ್ಜೆಗಳನ್ನು ಎಣಿಸುತ್ತ ಹತ್ತು ಸಾವಿರ ಆಗಲಿಲ್ಲವೆಂದು ಗದರಿಸುತ್ತದೆ. ಈ ಹತ್ತು ಸಾವಿರದ ಸಂಖ್ಯೆಯನ್ನು ವೈದ್ಯರು ಲೆಕ್ಕ ಹಾಕಿ ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದಕ್ಕೆ ಇಟ್ಟ ಹೆಸರಿನಿಂದ ಬಂದದ್ದು. ಇದನ್ನು ತಿಳಿದ ಮೇಲೆ ನನಗೆ ಮೊಬೈಲಿನ ಭಯ ಕಡಿಮೆಯಾಯಿತು. ನಡೆಯುವುದು ಮಾತ್ರ ನಿಲ್ಲಲಿಲ್ಲ. ರಾಯಲ್ ವೃತ್ತಕ್ಕೆ ಗಡಿಗಿ ಚೆನ್ನಪ್ಪನವರ ಹೆಸರಿಟ್ಟು ಎಷ್ಟೋ ಕಾಲವಾಗಿದ್ದರೂ ಜನ ಇನ್ನೂ ರಾಯಲ್ ಎಂದೇ ದಾರಿ ಹೇಳುತ್ತಾರೆ. ಆ ಕಡೆಯಿಂದ ಕೋಟೆಯತ್ತ ತಿರುಗಿದೆ.

ಬಳ್ಳಾರಿ ಗುಡ್ಡ ಊರಿನ ನಡುವೆ ಎದ್ದ ಬರೀ ಬಂಡೆ. ಇಲ್ಲಿದ್ದಾಗ ನಾನು ಅದನ್ನು ಹತ್ತಿದ್ದು ನೆಂಟರು ಬಂದಾಗ ಮಾತ್ರ, ಅದೂ ಬಿಸಿಲು ಏರಿದ ಮೇಲೆ ಕಾದ ಕಲ್ಲನ್ನು ಶಪಿಸುತ್ತ. ಗುಡ್ಡದ ಮೇಲಿನ ಕೋಟೆಯನ್ನು ವಿಜಯನಗರದ ಸಾಮಂತ ಹನುಮಪ್ಪ ನಾಯಕ ಕಟ್ಟಿಸಿದ. ಬುಡದ ಕೋಟೆ ಹೈದರಾಲಿಯದು. ಊರನ್ನು ವಶಪಡಿಸಿಕೊಂಡ ಮೇಲೆ ಫ್ರೆಂಚ್ ಎಂಜಿನಿಯರನೊಬ್ಬನಿಂದ ಕಟ್ಟಿಸಿದ್ದು. ಕೆಲಸ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಈ ಗುಡ್ಡಕ್ಕಿಂತ ಎತ್ತರ! ಶತ್ರು ಅಲ್ಲಿ ಫಿರಂಗಿ ಇಟ್ಟರೆ ಕೋಟೆಯ ಹೊಟ್ಟೆಯೊಳಗಿನದೆಲ್ಲ ಅವನ ಕಣ್ಣಿಗೆ ಬೀಳುತ್ತದೆ. ಅಳತೆ ತಪ್ಪಿದ್ದಕ್ಕೆ ಎಂಜಿನಿಯರನನ್ನು ನೇಣಿಗೆ ಹಾಕಿಸಿದನೆಂದು ಕಥೆ. ಪೂರ್ವದ ಬಾಗಿಲಿನ ಕಡೆ ಅವನದೆಂದು ಹೇಳುವ ಗೋರಿಯೂ ಇದೆ. ಕಥೆ ಎಷ್ಟು ನಿಜವೋ, ಊರಿನ ಮಕ್ಕಳೆಲ್ಲ ಅದನ್ನು ಹೇಳಬಲ್ಲರು. ಮೆಟ್ಟಿಲಿನ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದಾಗ ನನ್ನ ವೈದ್ಯರು ನೆನಪಾದರು. ನಾನು ಹೋದ ತಿಂಗಳ ಗುರಿ ತಪ್ಪಿದಾಗ ಅವರು ಬರೀ ತಲೆಯಾಡಿಸಿದ್ದರು. ದೊಡ್ಡ ಮನುಷ್ಯರು.

ಪೊಲೀಸ್ ನೇಮಕಾತಿಗೆ ತಯಾರಾಗುತ್ತಿದ್ದ ಹುಡುಗರ ಗುಂಪು ಹವಾಯಿ ಚಪ್ಪಲಿಯಲ್ಲಿಯೇ ನನ್ನನ್ನು ದಾಟಿ ಮೇಲಕ್ಕೆ ಓಡಿತು, ನಾನು ಇನ್ನೂ ಕುಳಿತಿರುವಾಗಲೇ ಕೆಳಕ್ಕೆ ಓಡಿತು, ಮತ್ತೆ ಮೇಲಕ್ಕೆ. ಮೂರನೆಯ ಸಲ ಒಬ್ಬ ನಿಂತು, "ಅಮ್ಮಾ, ನಿಧಾನಕ್ಕೆ ಬನ್ನಿ, ಕೋಟೆ ಎಲ್ಲಿಗೂ ಹೋಗುವುದಿಲ್ಲ" ಎಂದ. ಹೋಗಲಿಲ್ಲ. ಮೇಲೆ ಬಂಡೆಯ ಕೊರಕಲುಗಳಲ್ಲಿ ನೀರು ನಿಲ್ಲಿಸಲು ಮಾಡಿದ ಹೊಂಡಗಳನ್ನು ನೋಡಿ, ಅಷ್ಟು ಎತ್ತರದಲ್ಲಿ ಕಾವಲು ಕಾದವರ ಮಂಡಿಗಳ ಬಗ್ಗೆ ಯೋಚಿಸಿದೆ. ಇದಕ್ಕೂ ಹಿಂದಕ್ಕೆ ಹೋದರೆ, ಊರ ಪಕ್ಕದ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದವರು ಕಲ್ಲುಕೊಡಲಿ ಉಜ್ಜಿ ಉಜ್ಜಿ ಬಂಡೆಯಲ್ಲಿಯೇ ತೋಡು ಬೀಳಿಸಿದ್ದಾರೆ. ಅವರ ತೋಳಿನ ಅಳತೆ ಯಾರೂ ತೆಗೆದುಕೊಳ್ಳಲಿಲ್ಲ ಎಂಬುದೇ ನನಗೆ ಬೇಸರ.

ನನ್ನ ಅಳತೆ ತೆಗೆದುಕೊಂಡವರು ಮಾತ್ರ ಬ್ರೂಸ್‌ಪೇಟೆಯ ಒಂದು ಓಣಿಯಲ್ಲಿ ಈಗಲೂ ಇದ್ದಾರೆ. ಟೈಲರ್ ಮಾಸ್ಟರ್. ಸಡಿಲವಾದ ರವಿಕೆಗಳ ಗಂಟನ್ನು ಮೈಸೂರಿನಿಂದ ಹೊತ್ತು ತಂದದ್ದೇ ಅವರಿಗಾಗಿ. ಬಳ್ಳಾರಿಯ ಜೀನ್ಸ್ ಈಗ ದೇಶದ ಎಷ್ಟೋ ಪೇಟೆಗಳಿಗೆ ಹೋಗುತ್ತದೆ; ದಂಡಿನ ಸಿಪಾಯಿಗಳಿಗೆ ಸಮವಸ್ತ್ರ ಹೊಲಿದ ಕೈಗಳಿಂದ ಬೆಳೆದ ಕಸಬು ಅದು ಎನ್ನುತ್ತಾರೆ. ಮಾಸ್ಟರರ ಮಗನೂ ಅಂಥ ಒಂದು ಘಟಕದಲ್ಲಿದ್ದಾನೆ. "ಅಲ್ಲಿ ಮನುಷ್ಯರೇ ಇಲ್ಲ ಮೇಡಂ, ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು, ಅಷ್ಟೇ" ಎಂದು ಮಾಸ್ಟರ್ ಕಪಾಟಿನಿಂದ ತಮ್ಮ ಪುಸ್ತಕ ತೆಗೆದರು. ರಟ್ಟು ಸವೆದ, ಉದ್ದನೆಯ ಲೆಕ್ಕದ ಪುಸ್ತಕ. ಎಂಜಲು ಹಚ್ಚಿದ ಬೆರಳಿನಿಂದ ಹಾಳೆ ತಿರುವಿ 'ಬ್ಯಾಂಕ್ ಮೇಡಂ' ಎಂಬಲ್ಲಿ ನಿಲ್ಲಿಸಿದರು.

ನಾನು ಇಣುಕಿದೆ. ಎದೆ, ಸೊಂಟ, ತೋಳು, ಉದ್ದ. ಪ್ರತಿಯೊಂದರ ಮುಂದೆಯೂ ಒಂದು ಅಂಕಿ, ಅದಕ್ಕೊಂದು ಗೀಟು, ಪಕ್ಕದಲ್ಲಿ ದೊಡ್ಡ ಅಂಕಿ, ಅದಕ್ಕೂ ಗೀಟು. ನೀಲಿ ಶಾಯಿ, ಕಪ್ಪು ಶಾಯಿ, ಮತ್ತೆ ನೀಲಿ. ದೀಪಾವಳಿಯಿಂದ ದೀಪಾವಳಿಗೆ ಬಳ್ಳಾರಿ ನನ್ನನ್ನು ಹೇಗೆ ಸಾಕಿತೆಂಬುದು ಸಾಲಾಗಿ ದಾಖಲಾಗಿತ್ತು. ಉದ್ದ ಮಾತ್ರ ಬದಲಾಗಿರಲಿಲ್ಲ. ಮಾಸ್ಟರ್ ಟೇಪು ಹಿಡಿದು ಅಳೆದರು. ಸೊರಗಿದ್ದೀರಿ ಎನ್ನಲಿಲ್ಲ, ಚೆನ್ನಾಗಿ ಇಳಿಸಿದ್ದೀರಿ ಎಂದೂ ಅನ್ನಲಿಲ್ಲ. "ಮೊದಲನೆಯ ಅಂಕಿಗೆ ಇನ್ನೂ ಎರಡು ಇಂಚು ಇದೆ" ಎಂದರು. ಊರಿಗೆ ಕಾಲಿಟ್ಟ ಮೇಲೆ ನನ್ನ ಕಿವಿಗೆ ಬಿದ್ದ ಮೊದಲ ಸಮಾಧಾನದ ಮಾತು ಅದು.

ಹೊಸ ಅಳತೆಯನ್ನು ಬರೆಯಲು ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದರು. ಹಳೆಯವೆಲ್ಲ ಶಾಯಿಯಲ್ಲಿವೆಯಲ್ಲ, ಇದೇಕೆ ಪೆನ್ಸಿಲ್ ಎಂದೆ. ಮಾಸ್ಟರ್ ಉತ್ತರಿಸಲಿಲ್ಲ. ಹಳೆಯ ಅಂಕಿಗೆ ಗೀಟನ್ನೂ ಎಳೆಯಲಿಲ್ಲ. ಹೆಚ್ಚಾದ ಬಟ್ಟೆಯನ್ನು ಕತ್ತರಿಸಿ ತೆಗೆದುಬಿಡಿ, ಒಳಗೆ ಮಡಿಕೆ ಚುಚ್ಚುತ್ತದೆ ಎಂದೆ. ರವಿಕೆಯನ್ನು ಮೂಗಿನ ಹತ್ತಿರ ಹಿಡಿದು ಹೊಲಿಗೆ ನೋಡುತ್ತಿದ್ದವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಕತ್ತರಿಸುವುದಿಲ್ಲ ಮೇಡಂ, ಒಳಗೆ ಬಿಟ್ಟಿರುತ್ತೇನೆ. ಬೆಳಗ್ಗೆ ಬಂಡಿಯ ಹತ್ತಿರ ನಿಮ್ಮನ್ನು ನೋಡಿದೆ."

ಕೂಲಿ ಎಷ್ಟೆಂದು ಕೇಳಿದೆ. ಹೇಳಿದ ಮೊತ್ತ ಮೈಸೂರಿಗಿಂತಲೂ ಹೆಚ್ಚಾಗಿತ್ತು. ಬಿಗಿ ಮಾಡುವುದಕ್ಕೆ ಇಷ್ಟೊಂದೇ ಎಂದು ಚೌಕಾಸಿಗೆ ಇಳಿದೆ. ಬಿಗಿ ಮಾಡುವುದಕ್ಕೆ ಅದರಲ್ಲಿ ಅರ್ಧ, ಮುಂದಿನ ಸಲ ಬಂದಾಗ ಬಿಚ್ಚಿ ಸಡಿಲ ಮಾಡುವುದಕ್ಕೆ ಇನ್ನರ್ಧ, ಈಗಲೇ ಕೊಟ್ಟರೆ ಹತ್ತು ರೂಪಾಯಿ ಕಡಿಮೆ ಎಂದರು.