ಬೀಟಲ್ ಗೇರ್‌ಬಾಕ್ಸ್‌ಗೆ ಗ್ರೈಂಡರ್ ಹಿಡಿಯೋ ಮುಂಚೆ

ಹಳೆ 1200 ಸಿಸಿ ಫೋಕ್ಸ್‌ವ್ಯಾಗನ್ ಬೀಟಲ್‌ಗೆ 1600 ಎಂಜಿನ್ ಕೂರಿಸೋರು ಮೊದಲು ಕೇಳೋದು ಕಾರ್ಬುರೇಟರ್ ಬಗ್ಗೆ. ಕೇಳಬೇಕಾದ್ದು ಫ್ಲೈವೀಲ್‌ಗೆ (ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಹಲ್ಲಿನ ಚಕ್ರ) ಎಷ್ಟು ಹಲ್ಲು ಅಂತ.

6 ವೋಲ್ಟ್ ಗಾಡಿಗಳಲ್ಲಿ 109 ಹಲ್ಲು, 180 ಮಿ.ಮೀ. ಕ್ಲಚ್. 1967ರ ಮಾಡೆಲ್‌ನಿಂದ ಬಂದ 12 ವೋಲ್ಟ್ ಗಾಡಿಗಳಲ್ಲಿ 130 ಹಲ್ಲು, 200 ಮಿ.ಮೀ. ಕ್ಲಚ್. ಈ 130ರದ್ದು ಸುತ್ತಳತೆಯಲ್ಲಿ ದೊಡ್ಡದು, ಹಳೆ ಬೆಲ್‌ಹೌಸಿಂಗ್ (ಗೇರ್‌ಬಾಕ್ಸ್ ಕೇಸ್‌ನಲ್ಲಿ ಫ್ಲೈವೀಲ್ ಕೂರೋ ಭಾಗ) ಒಳಗೆ ತಾಗುತ್ತೆ. ಆಗ ಎಲ್ಲರೂ ಗ್ರೈಂಡರ್ ತಗೋತಾರೆ.

ನನ್ನ ಪ್ರಕಾರ ಅದು ಬೇಡ. ಒಂದು ಸಲ ಕೊರೆದ ಕೇಸ್ ಮತ್ತೆ ಮೊದಲಿನಂತಾಗಲ್ಲ. 109 ಹಲ್ಲಿದ್ದೂ 200 ಮಿ.ಮೀ. ಕ್ಲಚ್ ಕೂರುವ, ಓ-ರಿಂಗ್ (ಎಣ್ಣೆ ಸೋರದಂತೆ ತಡೆಯೋ ರಬ್ಬರ್ ಸುತ್ತು) ಇರುವ ಫ್ಲೈವೀಲ್ ಮಾರ್ಕೆಟ್‌ನಲ್ಲಿ ಸಿಗುತ್ತೆ. ಅದನ್ನು ಹಾಕಿ, ಹಳೆ 6 ವೋಲ್ಟ್ ಸೆಲ್ಫ್ ಮೋಟಾರನ್ನೇ 12 ವೋಲ್ಟ್‌ನಲ್ಲಿ ಓಡಿಸಿ. ಜೋರಾಗಿ ತಿರುಗುತ್ತೆ, ಆದ್ರೆ ಉದ್ದಕ್ಕೆ ಎಳೀಬೇಡಿ, ಸೊಲೆನಾಯ್ಡ್ ಸುಟ್ಟುಹೋಗುತ್ತೆ. 1200ರ ಹಳೇ ಫ್ಲೈವೀಲ್ ಮಾತ್ರ ಆಗಲ್ಲ. ಅದಕ್ಕೆ ಓ-ರಿಂಗ್ ಜಾಗವೇ ಇಲ್ಲ, 1600ರ ಕ್ರ್ಯಾಂಕ್‌ಗೆ ಹೊಂದಲ್ಲ.

ಕೊರೆಯಲೇಬೇಕು ಅನ್ನೋರು ಕೇಳಿ. ಆ ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು. ಅದರ ಪುಡಿಗೆ ಬೆಂಕಿ ಹತ್ತಿದ್ರೆ ನೀರು ಹಾಕಬಾರದು, ಒಣ ಮರಳು ಪಕ್ಕದಲ್ಲಿರಲಿ. ಇನ್‌ಪುಟ್ ಶಾಫ್ಟ್ ಸೀಲ್‌ಗೆ ಬಟ್ಟೆ ಮುಚ್ಚಿ, ತಾಗೋ ಜಾಗ ಗುರುತು ಮಾಡಿ, ಅರದಲ್ಲಿ ಸ್ವಲ್ಪ ಸ್ವಲ್ಪವೇ ತೆಗೀರಿ. ಎಂಜಿನ್ ಬಿಗಿದು ಪುಲ್ಲಿಯನ್ನ ಕೈಯಲ್ಲಿ ಪೂರ್ತಿ ಸುತ್ತು ತಿರುಗಿಸಿ ಕಿವಿಗೊಡಿ. ಆಮೇಲೆ 12 ವೋಲ್ಟ್ ಸೆಲ್ಫೇ ಬೇಕು. 109ರ ಸೆಲ್ಫ್‌ನ ಪಿನಿಯನ್ (ಫ್ಲೈವೀಲ್ ತಿರುಗಿಸೋ ಚಿಕ್ಕ ಹಲ್ಲುಚಕ್ರ) 130ಕ್ಕೆ ಕೂರಲ್ಲ, ಹಲ್ಲು ಮುರಿಯುತ್ತೆ. ಹೊಸ ಸೆಲ್ಫ್‌ನ ಶಾಫ್ಟ್ 10.9 ಮಿ.ಮೀ., ಹಳೇದು 12.5. ಕೇಸ್‌ನಲ್ಲಿರೋ ಬುಷ್ ಬದಲಿಸದೆ ಹಾಕಿದ್ರೆ ಶಾಫ್ಟ್ ಓಲಾಡಿ ಕರಕರ ಅನ್ನುತ್ತೆ, ತಪ್ಪೆಲ್ಲ ಪಾಪ ಸೆಲ್ಫ್ ಮೇಲೆ!

ಯಾವ ದಾರಿ ಹಿಡಿದರೂ ಕ್ರ್ಯಾಂಕ್ ಎಂಡ್ ಪ್ಲೇ (ಕ್ರ್ಯಾಂಕ್ ಉದ್ದಕ್ಕೆ ಹಿಂದೆಮುಂದೆ ಸರಿಯೋ ಆಟ) ನೋಡದೆ ಎಂಜಿನ್ ಎತ್ತಬೇಡಿ. ಸೀಲ್, ಓ-ರಿಂಗ್ ಇಲ್ಲದೆ ಎರಡು ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಫ್ಲೈವೀಲ್ ಬಿಗಿದು ಡಯಲ್ ಗೇಜ್ ಹಿಡೀರಿ. ಬಂದ ಅಳತೆಯಲ್ಲಿ 0.10 ಮಿ.ಮೀ. ಕಳೆದ್ರೆ ಮೂರನೇ ಶಿಮ್‌ನ ದಪ್ಪ. ಕೊನೆಗೆ 0.07ರಿಂದ 0.13 ಮಿ.ಮೀ. ಆಟ ಉಳೀಬೇಕು. ಶಿಮ್ ಯಾವಾಗಲೂ ಮೂರೇ, ಬದಲಾಗೋದು ದಪ್ಪ. ಫ್ಲೈವೀಲ್ ಹಿಡಿಯೋ ಗ್ಲ್ಯಾಂಡ್ ನಟ್‌ಗೆ 36 ಮಿ.ಮೀ. ಸಾಕೆಟ್, 30 ಕೆಜಿ-ಮೀಟರ್ ಬಿಗಿತ. ಪೈಪ್ ಹಾಕಿ ಅಂದಾಜಲ್ಲಿ ಎಳೆದ್ರೆ ಮುಂದೊಂದು ದಿನ ನಟ್ ಸಡಿಲಾಗಿ ಡೋವೆಲ್ (ಫ್ಲೈವೀಲನ್ನು ಕ್ರ್ಯಾಂಕ್‌ಗೆ ಕೂರಿಸೋ ಪಿನ್) ತೂತುಗಳು ಅಗಲವಾಗ್ತವೆ. ಅಲ್ಲಿಗೆ ಕ್ರ್ಯಾಂಕ್ ಕಥೆ ಮುಗೀತು.

ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗ್‌ನಲ್ಲೂ ಎರಡು ಜಾತಿ. 1970ರವರೆಗಿನದಕ್ಕೆ ಕ್ಲಚ್‌ನ ಪ್ರೆಶರ್ ಪ್ಲೇಟ್ ಮಧ್ಯೆ ಬಳೆ ಇರಬೇಕು. ಗೈಡ್ ಟ್ಯೂಬ್ ಮೇಲೆ ಜಾರುವ 1971ರ ನಂತರದ್ದಕ್ಕೆ ಬಳೆ ಇರಕೂಡದು. 1600 ಎಂಜಿನ್ ಜೊತೆ ಬರೋ ಪ್ಲೇಟ್‌ನಲ್ಲಿ ಸಾಮಾನ್ಯವಾಗಿ ಬಳೆ ಇರಲ್ಲ, ಹಳೆ ಗೇರ್‌ಬಾಕ್ಸ್‌ಗೆ ಬಳೆ ಇರುವ ಪ್ಲೇಟ್ ಕೇಳಿ ತನ್ನಿ. ಪೆಡಲ್‌ನಲ್ಲಿ 10ರಿಂದ 20 ಮಿ.ಮೀ. ಫ್ರೀ ಪ್ಲೇ ಬಿಡಿ.