ಕಾಲೇಜು ಮಕ್ಕಳದ್ದು, ಎಕ್ಸೆಲ್ ಶೀಟ್ ನಮ್ಮದು

ಜೂನ್ ಬಂದರೆ ಸಾಕು, ಅಮೆರಿಕದ ನಮ್ಮ ಕನ್ನಡ ಕೂಟಗಳ ವಾಟ್ಸಾಪ್ ಗ್ರೂಪುಗಳಲ್ಲಿ ಹೊಸ ವಿದ್ಯಾರ್ಥಿಗಳಿಗೆ ಕಾಲೇಜಿನ ಪರಿಚಯ ಮಾಡಿಸುವ ಓರಿಯೆಂಟೇಶನ್‌ದೇ ಮಾತು. "ನಿಮ್ಮ ಮಗಳಿಗೆ ಯಾವ ಡೇಟ್ ಸಿಕ್ತು?" "ಕ್ಯಾಲ್ಕುಲಸ್ ಟೂ ತಗೊಳ್ಳೋದಾ, ತ್ರೀಗೇ ಹಾರೋದಾ?" "18 ಕ್ರೆಡಿಟ್ ಹಾಕಿಸಿಬಿಡಿ, ಫೀಸು ಹೇಗೂ ಅಷ್ಟೇ." ಹೀಗೆಲ್ಲ ಕೇಳುವವರು, ಹೇಳುವವರು ಅಪ್ಪ ಅಮ್ಮಂದಿರು. ಕಾಲೇಜಿಗೆ ಹೋಗಬೇಕಾದ ಮಕ್ಕಳು ಆ ಗ್ರೂಪಿನಲ್ಲೇ ಇಲ್ಲ.

ಊರಿನಲ್ಲಿರುವವರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ನಮ್ಮ ಕಾಲದಲ್ಲಿ ಪಿಯುಸಿಗೆ ಪಿಸಿಎಂಬಿ ಅಥವಾ ಸಿಇಬಿಎ ಅಂತ ಒಂದು ಕಾಂಬಿನೇಶನ್ ಹಿಡಿದರೆ ಮುಗಿಯಿತು. ಬಿಇಗೆ ಸೇರಿದ ಮೇಲಂತೂ ಟೈಮ್‌ಟೇಬಲ್ ನೋಟಿಸ್ ಬೋರ್ಡಿನಲ್ಲಿ ಬರುತ್ತಿತ್ತು, ಬರೆದುಕೊಂಡು ಬರುತ್ತಿದ್ದೆವು. ಇಲ್ಲಿ ಹಾಗಲ್ಲ. ಸಾಮಾನ್ಯವಾಗಿ ಡಿಗ್ರಿಗೆ 120 ಕ್ರೆಡಿಟ್ ಬೇಕು, ಒಂದೊಂದು ಕ್ಲಾಸಿಗೆ ಮೂರೋ ನಾಲ್ಕೋ ಕ್ರೆಡಿಟ್. ಯಾವ ಸೆಮಿಸ್ಟರ್‌ನಲ್ಲಿ ಏನು, ಯಾವ ಮೇಷ್ಟ್ರ ಹತ್ತಿರ, ಬೆಳಿಗ್ಗೆ ಎಂಟಕ್ಕೋ ಮಧ್ಯಾಹ್ನ ಎರಡಕ್ಕೋ, ಎಲ್ಲ ವಿದ್ಯಾರ್ಥಿಯೇ ಕೂತು ಆರಿಸಬೇಕು. ಬಹಳಷ್ಟು ಯೂನಿವರ್ಸಿಟಿಗಳಲ್ಲಿ ಹೊಸಬರಿಗೆ ಈ ಕೆಲಸ ಓರಿಯೆಂಟೇಶನ್ ದಿನವೇ, ಅಡ್ವೈಸರ್ ಜೊತೆ ಅರ್ಧ ಗಂಟೆ ಮಾತಾಡಿದ ಮೇಲೆ.

ಅಪ್ಪ ಅಮ್ಮಂದಿರನ್ನು ಆ ಹೊತ್ತಿಗೆ ಬೇಕಂತಲೇ ಬೇರೆ ಹಾಲ್‌ನಲ್ಲಿ ಕೂರಿಸುತ್ತಾರೆ. ಊಟದ ಪ್ಲಾನು, ಡಾರ್ಮು, ಪಾರ್ಕಿಂಗ್ ಅಂತ ಸ್ಲೈಡ್ ತೋರಿಸುತ್ತಾರೆ. ಯಾರು ನೋಡುತ್ತಾರೆ? ನಮ್ಮವರೆಲ್ಲ ತಲೆ ಬಗ್ಗಿಸಿ ಮಕ್ಕಳಿಗೆ ಮೆಸೇಜ್ ಕಳಿಸುತ್ತಿರುತ್ತಾರೆ. ಎಕ್ಸೆಲ್ ಶೀಟಿನಲ್ಲಿ ಮೊದಲೇ ಬರೆದಿಟ್ಟ ಕ್ಲಾಸುಗಳ ಸೆಕ್ಷನ್ ನಂಬರುಗಳನ್ನು ಒಂದಾದ ಮೇಲೊಂದು. ನಾನೂ ಆ ಹಾಲ್‌ನಲ್ಲಿ ಕೂತಿದ್ದವನೇ. ಆ ನಡುಕ ನನಗೆ ಅರ್ಥವಾಗುತ್ತದೆ. ಸಿಇಟಿ ಆಪ್ಷನ್ ಎಂಟ್ರಿಯ ರೂಢಿ ನಮಗೆ, ಒಂದು ನಂಬರ್ ಹಿಂದೆ ಮುಂದೆ ಆದರೆ ಸೀಟು ಹೋಯಿತು ಅನ್ನುವ ಭಯ. ಆದರೆ ಇಲ್ಲಿ ಸೀಟು ಆಗಲೇ ಸಿಕ್ಕಿದೆ ಅಲ್ವಾ? ಇದು ಬರೀ ಟೈಮ್‌ಟೇಬಲ್.

ನನ್ನ ತಕರಾರು ಆ 18 ಕ್ರೆಡಿಟ್ ಮತ್ತು ಮೂರು ವರ್ಷದ ಲೆಕ್ಕದ ಮೇಲೆ. ಅನೇಕ ಕಡೆ ಒಂದು ಸೆಮಿಸ್ಟರಿಗೆ 12ರಿಂದ 18 ಕ್ರೆಡಿಟ್‌ವರೆಗೆ ಫೀಸು ಒಂದೇ. ನಮ್ಮ ಮಧ್ಯಮ ವರ್ಗದ ತಲೆಗೆ ಅದು ಪುಕ್ಕಟೆ ಸಿಕ್ಕ ಹಾಗೆ ಕಾಣುತ್ತದೆ. ಅದಕ್ಕೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪರೀಕ್ಷೆ ಬರೆದು ಗಳಿಸಿದ ಎಪಿ ಕ್ರೆಡಿಟ್ ಸೇರಿಸಿ, ನಾಲ್ಕು ವರ್ಷದ ಡಿಗ್ರಿ ಮೂರು ವರ್ಷಕ್ಕೇ ಮುಗಿಸಿ, ಒಂದು ವರ್ಷದ ಫೀಸು ಉಳಿಸುವ ಲೆಕ್ಕ. ಆದರೆ ಇಲ್ಲಿನ ನಿಯಮದಲ್ಲಿ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಕ್ಲಾಸು, ಹೊರಗೆ ಕನಿಷ್ಠ ಎರಡು ಗಂಟೆ ಓದು. 15 ಕ್ರೆಡಿಟ್ ಅಂದರೇ ವಾರಕ್ಕೆ 45 ಗಂಟೆ. 18 ಆದರೆ 54. ಮೊದಲ ಸಲ ಮನೆ ಬಿಟ್ಟು, ಗುರುತಿಲ್ಲದವರ ಜೊತೆ ರೂಮು ಹಂಚಿಕೊಂಡು, ತಾನೇ ಬಟ್ಟೆ ಒಗೆದುಕೊಳ್ಳುವ ಹುಡುಗ ಇಷ್ಟನ್ನು ಎಲ್ಲಿ ತೂರಿಸಬೇಕು?

ಕ್ಯಾಲ್ಕುಲಸ್ ತ್ರೀಗೆ ಹಾರುವುದೂ ಹಾಗೇ. ಎಪಿಯ ಕ್ಯಾಲ್ಕುಲಸ್ ಬಿಸಿ ಪರೀಕ್ಷೆಯಲ್ಲಿ ಗರಿಷ್ಠ ಅಂಕವಾದ 5 ಬಂದರೆ ಬಹಳ ಕಡೆ ಮೊದಲೆರಡು ಕ್ಯಾಲ್ಕುಲಸ್‌ಗೆ ಕ್ರೆಡಿಟ್ ಕೊಡುತ್ತಾರೆ. ನಿಜವಾಗಿ ಗಟ್ಟಿ ಇರುವ ಮಕ್ಕಳು ಹಾರಲಿ, ಬೇಡ ಅನ್ನುವುದಿಲ್ಲ. ಆದರೆ ಗಟ್ಟಿ ಇದ್ದೀಯಾ ಅಂತ ಕೇಳಬೇಕಾದದ್ದು ಅವರನ್ನೇ, ಗ್ರೂಪಿನಲ್ಲಿ ಯಾರದೋ ಮಗ ಹಾರಿದ ಅಂತಲ್ಲ. ಡಾಕ್ಟರ್ ಆಗಬೇಕು ಅನ್ನುವವರು ಇನ್ನೂ ಎಚ್ಚರವಾಗಿರಬೇಕು. ಕೆಮಿಸ್ಟ್ರಿ, ಬಯಾಲಜಿಗೆ ಎಪಿ ಕ್ರೆಡಿಟ್ ತೋರಿಸಿದರೆ ಎಷ್ಟೋ ಮೆಡಿಕಲ್ ಸ್ಕೂಲುಗಳು ಒಪ್ಪುವುದಿಲ್ಲ, ಇಲ್ಲವೇ ಅದೇ ವಿಷಯದಲ್ಲಿ ಮೇಲಿನ ಕ್ಲಾಸು ಮಾಡಿ ಬಾ ಅನ್ನುತ್ತವೆ. ಉಳಿಸಿದ್ದೇನು ಹಾಗಾದರೆ?

ಮೊದಲ ಸೆಮಿಸ್ಟರ್‌ನಲ್ಲಿ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಬಿದ್ದರೆ ಅದನ್ನು ಮೇಲೆತ್ತುವುದು ನಿಧಾನದ ಕೆಲಸ. ಜಿಪಿಎ ಇಷ್ಟಿರಲೇಬೇಕು ಅನ್ನುವ ಸ್ಕಾಲರ್‌ಶಿಪ್‌ಗಳಿವೆ. ಅದು ಹೋದರೆ ಉಳಿಸಿದ ಫೀಸಿನ ಲೆಕ್ಕವೂ ತಲೆಕೆಳಗು.

ಹಾಗಂತ ದುಡ್ಡಿನ ಚಿಂತೆ ಸುಳ್ಳಲ್ಲ. ಸಾಲ ಮಾಡಿ ಓದಿಸುವವರಿಗೆ ಒಂದು ವರ್ಷ ದೊಡ್ಡದೇ. ಅಂಥವರು ಯಾವ ಡಿಗ್ರಿಯವರೂ ಮಾಡಲೇಬೇಕಾದ ಜನರಲ್ ಎಜುಕೇಶನ್ ಕ್ಲಾಸುಗಳಲ್ಲಿ ಒಂದೆರಡನ್ನು ಬೇಸಿಗೆಯಲ್ಲಿ ಮನೆ ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ಮುಗಿಸಬಹುದು. ಖರ್ಚು ಬಹಳ ಕಡಿಮೆ. ಯೂನಿವರ್ಸಿಟಿ ಆ ಕ್ರೆಡಿಟ್ ಒಪ್ಪುತ್ತದೆಯೇ ಅಂತ ಮೊದಲೇ ಕೇಳಿಕೊಂಡರಾಯಿತು.

ಕೈ ಕಟ್ಟಿ ಕೂರಲು ಆಗದ ಅಪ್ಪ ಅಮ್ಮಂದಿರಿಗೆ ಬೇರೆ ಕೆಲಸ ಬೇಕಾದಷ್ಟಿದೆ. ಲಸಿಕೆಯ ದಾಖಲೆ ಹುಡುಕಿ ಕೊಡಿ, ಅದಿಲ್ಲದೆ ಕಾಲೇಜಿನ ಅಕೌಂಟಿಗೆ ಹೋಲ್ಡ್ (ತಡೆ) ಬಿದ್ದರೆ ಎಷ್ಟೋ ಕಡೆ ರಿಜಿಸ್ಟ್ರೇಶನ್ನೇ ತೆರೆಯುವುದಿಲ್ಲ. ಬೆಂಗಳೂರಿನಲ್ಲಿ ಹಾಕಿಸಿದ ಎಂಎಂಆರ್ ಆಗಿದ್ದರೆ ಆ ಹಳೇ ಕಾರ್ಡಿಗೆ ಅಟ್ಟ ಹತ್ತಬೇಕಾದೀತು. ಎಪಿ ಸ್ಕೋರು ಕಾಲೇಜಿಗೆ ಉಚಿತವಾಗಿ ಕಳಿಸಲು ಜೂನ್ 20 ಕೊನೆ ದಿನ, ನೆನಪಿಸಿ. ಗಣಿತದ ಪ್ಲೇಸ್‌ಮೆಂಟ್ ಪರೀಕ್ಷೆ (ಯಾವ ಮಟ್ಟದ ಕ್ಲಾಸಿಗೆ ಸೇರಬಹುದು ಅಂತ ತೀರ್ಮಾನಿಸುವುದು) ಇದ್ದರೆ ಮೊದಲೇ ಬರೆಸಿ. ಇಷ್ಟಾದರೆ ಹಾಲ್‌ನಲ್ಲಿ ಕೂತು ಸ್ಲೈಡ್ ನೋಡಿ. ಪಾರ್ಕಿಂಗ್ ಸ್ಲೈಡು ನಿಜಕ್ಕೂ ಉಪಯೋಗದ್ದು.

ಬೇಕಾದ ಕ್ಲಾಸು ತುಂಬಿಹೋದರೆ? ವೇಯ್ಟ್‌ಲಿಸ್ಟ್ ಇರುತ್ತದೆ. ಕೆಲವು ದೊಡ್ಡ ಯೂನಿವರ್ಸಿಟಿಗಳು ಪ್ರತಿ ಓರಿಯೆಂಟೇಶನ್ ಗುಂಪಿಗೂ ಸ್ವಲ್ಪ ಸೀಟು ಎತ್ತಿಟ್ಟಿರುತ್ತವೆ. ಕ್ಲಾಸು ಶುರುವಾದ ಮೊದಲ ವಾರ ಬಿಡುವವರು, ಬದಲಿಸುವವರು ಜಾಸ್ತಿ, ಆಗಲೂ ಸಿಗುತ್ತದೆ.

ಇನ್ನೊಂದು ವಿಷಯ. 1974ರ ಫೆರ್ಪಾ ಕಾನೂನಿನ ಪ್ರಕಾರ ಕಾಲೇಜು ಸೇರಿದ ವಿದ್ಯಾರ್ಥಿಯ ದಾಖಲೆಯ ಹಕ್ಕು ಆ ವಿದ್ಯಾರ್ಥಿಯದ್ದೇ. ನೀವು ಫೋನ್ ಮಾಡಿ ಮಾರ್ಕ್ಸ್ ಕೇಳಿದರೆ ಸಾಮಾನ್ಯವಾಗಿ ಹೇಳುವುದಿಲ್ಲ. ಅಲ್ಲಿನ ಗುಮಾಸ್ತರ ಮೇಲೆ ರೇಗಬೇಡಿ, ಅವರು ಕಾನೂನು ಪಾಲಿಸುತ್ತಿದ್ದಾರೆ ಅಷ್ಟೇ.

ಮುಂದಿನ ಸೆಮಿಸ್ಟರ್‌ನ ರಿಜಿಸ್ಟ್ರೇಶನ್ ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ತೆರೆಯುತ್ತದೆ. ಅಷ್ಟರಲ್ಲಿ ಮಿಡ್‌ಟರ್ಮ್ ಮುಗಿದಿರುತ್ತದೆ, ತನಗೆ ಎಷ್ಟು ಆಗುತ್ತದೆ ಅಂತ ಮಗುವಿಗೇ ಗೊತ್ತಿರುತ್ತದೆ. 18 ಬೇಕು ಅನ್ನಿಸಿದರೆ ಆಗ ಹಾಕಿಕೊಳ್ಳಲಿ.