ಮಾಲಾ ಎಂಬ ನಾಮಪದದ ಪಾಡು

ಪ್ರಾಗ್‌ನಲ್ಲಿ ದಂತವೈದ್ಯರ ಕ್ಲಿನಿಕ್ಕಿಗೆ ಹೋದರೆ ಇವತ್ತೂ ನನ್ನನ್ನು ‘ನಾಗರಾಜೊವಾ’ ಎಂದೇ ಕೂಗಿದರು. ಹಲ್ಲುನೋವೊಂದೇ ಸಾಲದೆಂಬಂತೆ! ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗಕ್ಕೆ ಅಪ್ಪನ ಹೆಸರು ಬಂದು ಕೂರುವುದು ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಸಂಕಟ. ಅದರ ಬಾಲಕ್ಕೆ ಇವರು ‘ಒವಾ’ ಅಂಟಿಸುತ್ತಾರೆ. ಝೆಕ್ ಹೆಂಗಸರ ಉಪನಾಮಕ್ಕೆ ಅದೇ ಸಂಪ್ರದಾಯ. ‘ಇಂಥವನ’ ಎಂಬ ಹಳೆಯ ಷಷ್ಠಿಯ ಪಳೆಯುಳಿಕೆ. ಒವಾ ಬೇಡವೆನ್ನುವ ಹೆಂಗಸರಿಗೆ 2022ರಿಂದ ಕಾನೂನೇನೋ ದಾರಿ ಬಿಟ್ಟಿದೆ, ಕೌಂಟರಿನವರ ನಾಲಿಗೆ ಬಿಡಬೇಕಲ್ಲ! ಇಂದಿರಾ ಗಾಂಧಿಯವರನ್ನೇ ‘ಗಾಂಧೀಯೊವಾ’ ಮಾಡಿದವರು ನನ್ನನ್ನು ಬಿಡುತ್ತಾರೆಯೇ? ತನ್ನ ಹೆಸರು ಇಲ್ಲಿ ಸೀರೆಯುಟ್ಟ ಸುದ್ದಿಯನ್ನು ತುಮಕೂರಿನಲ್ಲಿ ಪೇಪರ್ ಓದುತ್ತ ಕುಳಿತಿರುವ ಅಪ್ಪನಿಗೆ ಇನ್ನೂ ಮುಟ್ಟಿಸಿಲ್ಲ.

ಉಪನಾಮ ಹಾಳಾಗಲಿ, ಹೆಸರಿನ ಕಥೆ ಕೇಳಿ. ಝೆಕ್ಕರಿಗೆ ‘ಮಲಾ’ ಎಂದರೆ ಚಿಕ್ಕವಳು. ಐದಡಿ ಒಂಬತ್ತಿಂಚಿನ ನಾನು ಹೆಸರು ಹೇಳಿದೊಡನೆ ಎದುರಿನವರು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುತ್ತಾರೆ. ಅದನ್ನಾದರೂ ಸಹಿಸಬಹುದು. ಈ ಭಾಷೆಗೆ ಏಳು ವಿಭಕ್ತಿ; ಐದನೆಯದು ಕರೆಯುವುದಕ್ಕೆಂದೇ ಮೀಸಲು. ಹೆಂಗಸರ ಹೆಸರಿನ ಕೊನೆಯ ‘ಅ’ ಅಲ್ಲಿ ‘ಒ’ ಆಗುತ್ತದೆ. ಉಳಿದವರೆಲ್ಲ ಕಾಗುಣಿತದ ಗೊಡವೆಯಿಲ್ಲದೆ ‘ಮಲೊ’ ಎಂದು ಮುಗಿಸುತ್ತಾರೆ. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ ಮಾತ್ರ ಶಿಸ್ತಿನ ಹೆಂಗಸು. ನನ್ನ ದೀರ್ಘಾಕ್ಷರವನ್ನು ಕಿವಿಗೊಟ್ಟು ಕಲಿತು, ಬಾಯಿ ತುಂಬ “ಮಾಲೊ!” ಎನ್ನುತ್ತಾರೆ.

ಝೆಕ್ ಭಾಷೆಯಲ್ಲಿ ಮಾಲೊ ಎಂದರೆ ಕಡಿಮೆ, ಸಾಲದು.

ಕಾಫಿಗೆ ಸಕ್ಕರೆ ಹಾಕುವಾಗ ಬೆನ್ನ ಹಿಂದೆ “ಮಾಲೊ!” ಕೈ ತಾನಾಗಿ ಇನ್ನೊಂದು ಚಮಚ ಸುರಿಯುತ್ತದೆ. ಸಂಬಳದ ಚೀಟಿ ತೆರೆದೆ, “ಮಾಲೊ!” ಅದೊಂದು ಮಾತ್ರ ನಿಜ. ಮೊನ್ನೆ ಮೀಟಿಂಗಿನಲ್ಲಿ ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ಒಪ್ಪಿಸಿ ಕೂರುವಷ್ಟರಲ್ಲಿ ಆಕೆ ಪೆನ್ನು ಕೇಳಲೆಂದು “ಮಾಲೊ...” ಎಂದರು. ಮ್ಯಾನೇಜರ್ ಗಂಭೀರವಾಗಿ ತಲೆಯಾಡಿಸಿ ಏನನ್ನೋ ಬರೆದುಕೊಂಡರು. “ಸುಮ್ಮನೆ ಮಾಲಾ ಎನ್ನಿ, ಸಾಕು” ಎಂದು ಆಕೆಯನ್ನು ಬೇಡಿಕೊಂಡೆ. “ಪ್ರಥಮಾ ವಿಭಕ್ತಿಯಲ್ಲಿ ಕೂಗುವುದೇ? ಛೆ, ಎಷ್ಟು ಒರಟು” ಎಂದು ಮುಖ ಸಿಂಡರಿಸಿದರು.

ಸಂಸ್ಕೃತದ ಲೆಕ್ಕದಲ್ಲಿ ನಾನು ‘ಹೇ ಮಾಲೇ’ ಆಗಬೇಕಿತ್ತು. ಮನೆಯಲ್ಲಿ ಆ ತಾಪತ್ರಯವಿರಲಿಲ್ಲ. ಅಜ್ಜಿ ಹಿತ್ತಲಿನಿಂದ “ಮಾಲೂ” ಎಂದು ಎಳೆದರೆ, ಮಳೆ ಬಂತು ಬಟ್ಟೆ ತೆಗೆ ಎಂಬುದೂ ದೋಸೆ ಆರುತ್ತಿದೆ ಎಂಬುದೂ ಅದರೊಳಗೇ ಇರುತ್ತಿತ್ತು. ಹಾಗೆ ಎಳೆಯುವವರು ಈಗಿಲ್ಲ.

ರಜೆಗೆ ಸ್ಪೇನ್ ಬೇಡವೆಂದು ತೀರ್ಮಾನಿಸಿದ್ದೇನೆ. ಅಲ್ಲಿ ‘ಸೋಯ್ ಮಾಲಾ’ ಎಂದರೆ ನಾನು ಕೆಟ್ಟವಳು, ‘ಎಸ್ತೋಯ್ ಮಾಲಾ’ ಎಂದರೆ ನನಗೆ ಹುಷಾರಿಲ್ಲ. ಪರಿಚಯ ಹೇಳಿಕೊಳ್ಳುವಾಗ ಇವೆರಡರಲ್ಲಿ ಯಾವ ಮರ್ಯಾದೆ ಬೇಕೆಂದು ಆರಿಸುತ್ತ ನಿಲ್ಲಲಾರೆ. ಲಿಸ್ಬನ್‌ಗೆ ಟಿಕೆಟ್ ತೆಗೆದಿದ್ದೇನೆ. ಪೋರ್ಚುಗೀಸರಿಗೆ ಮಾಲಾ ಎಂದರೆ ಸೂಟ್‌ಕೇಸ್. ಆಗಲಿ, ಅವರ ನಾಮಪದಗಳಿಗೆ ವಿಭಕ್ತಿ ಪ್ರತ್ಯಯದ ಕಾಟವಿಲ್ಲ. ಕರೆದರೂ, ಹೊತ್ತರೂ, ಏರ್‌ಪೋರ್ಟಿನಲ್ಲಿ ಕಳೆದುಹೋದರೂ ಮಾಲಾ ಮಾಲಾ ಆಗಿಯೇ ಇರುತ್ತದೆ.